ಆಪರೇಟರ್ ಮಗ

ನೆಂಟರಿಷ್ಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಮೊದಲು ಕೇಳಿಸಿದ್ದು ಹೊಲಿಗೆ ಯಂತ್ರದ ಸದ್ದು. ಅತ್ತೆ ದಿಂಬಿನ ಚೀಲಕ್ಕೆ ಅಂಚು ಹೊಲಿಯುತ್ತಿದ್ದರು. ಆ ಚೀಲ ಹರಿದೂ ಇರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಆದರೆ ಕಾಲಿಗೆ ಪೆಡಲ್ ಸಿಕ್ಕರೆ ಅತ್ತೆಯ ಉಸಿರು ಸರಾಗವಾಗುತ್ತದೆಂದು ಸೊಸೆಗೆ ಗೊತ್ತಿತ್ತು. ಮಾವ ದರ್ಜಿ. ಅವರು ತೀರಿಕೊಂಡಾಗಲೂ ಈ ಯಂತ್ರ ಹೀಗೇ ವಾರಗಟ್ಟಲೆ ಓಡಿತ್ತಂತೆ. ಈಗ ಮಗನ ಸರದಿ.

ಸೊಸೆ ಅಡುಗೆಮನೆಯಲ್ಲಿ ಹಾಲು ಕಾಯಲಿಟ್ಟು ನಿಂತಿದ್ದಳು. ಅವಳು ಇನ್ನೂ ಅತ್ತಿರಲಿಲ್ಲ. ಬಂದವರೆಲ್ಲ "ಅತ್ತುಬಿಡಮ್ಮ, ಮನಸ್ಸು ಹಗುರಾಗುತ್ತೆ" ಎಂದು ಬೆನ್ನು ಸವರಿ ಕಾದಿದ್ದರು. ಅವರ ಮನಸ್ಸು ನೋಯಬಾರದೆಂದು ಅವಳು ಒಣಗಣ್ಣನ್ನೇ ಒರೆಸಿಕೊಂಡಿದ್ದಳು. ಅಳಬೇಕಾದ ನಿಜವಾದ ಹೆಂಡತಿ ಎಲ್ಲೋ ಇದ್ದಾಳೆ, ಬರುವುದು ತಡವಾಗಿದೆ, ಅಲ್ಲಿಯವರೆಗೆ ಜಾಗ ಹಿಡಿಯಲು ತನ್ನನ್ನು ಕೂರಿಸಿದ್ದಾರೆ ಎನಿಸುತ್ತಿತ್ತು.

ಗೂಟಕ್ಕೆ ನೇತುಹಾಕಿದ್ದ ಗಂಡನ ಚೀಲದೊಳಗೆ ಫೋನು ಹೊಡೆದುಕೊಂಡಿತು. ಯಾರೋ ಪುಣ್ಯಾತ್ಮರು ಅದನ್ನು ಚಾರ್ಜ್ ಮಾಡಿಟ್ಟಿದ್ದರು. ಪರದೆಯ ಮೇಲೆ 'ಟಾಕೀಸ್ ಅಜ್ಜ' ಎಂದಿತ್ತು. ಎತ್ತಿ ಕಿವಿಗಿಟ್ಟಳು.

"ಏನಪ್ಪಾ ಆಪರೇಟರ್ ಮಗನೇ! ಸತ್ತಿದೀಯೋ ಬದುಕಿದೀಯೋ? ಪತ್ತೇನೇ ಇಲ್ವಲ್ಲೋ!"

"ಅಜ್ಜ, ನಾನು. ಅವರ ಹೆಂಡ್ತಿ."

"ಓ, ನೀನಾ ಮಗಳೇ? ಎಲ್ಲಿ ಅವನು?"

"ಹೊರಗೆ ಹೋಗಿದಾರೆ."

ಅಂದ ಮೇಲೆ ತಾನೇನು ಅಂದೆ ಎಂಬುದು ಅವಳಿಗೆ ಕೇಳಿಸಿತು.

"ಬಂದ ಕೂಡಲೇ ಹೇಳು. ನಾಳೆ ಮಧ್ಯಾಹ್ನ ವಕೀಲರು ಬರ್ತಿದಾರೆ. ಟಾಕೀಸು, ಯಂತ್ರ, ಫಿಲ್ಮ್ ಡಬ್ಬಿಗಳು, ಎಲ್ಲಾ ಅವನ ಹೆಸರಿಗೇ ಬರೆಸ್ತಿದೀನಿ. ನನ್ನ ತಮ್ಮನ ಮಕ್ಕಳ ಕೈಗೆ ಸಿಕ್ರೆ ಡಬ್ಬಿಗಳು ಗುಜರಿಗೆ ಹೋಗ್ತವೆ. ಅವನ ಅಪ್ಪನ ಹೆಸರು ಸರಿಯಾಗಿ ಬೇಕಂತೆ ಕಾಗದಕ್ಕೆ. ನಾನೋ, ಅವನಪ್ಪ ಇದ್ದಷ್ಟು ದಿನ 'ಆಪರೇಟರ್, ಆಪರೇಟರ್' ಅಂತಲೇ ಕೂಗಿದವನು, ಅವನ ಹೆಸರೇ ಮರೆತಿದೀನಿ ನೋಡು, ಎಂಥ ಪಾಪಿ ನಾನು! ಹಾಂ, ಕೊನೇ ರೀಲು ತರೋಕೆ ಹೇಳು."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಹೊಲಿಗೆ ಯಂತ್ರ ನಿಂತಿತ್ತು. ಅತ್ತೆ ಬಾಗಿಲಲ್ಲಿದ್ದರು.

"ಯಾರಮ್ಮ ಹೊರಗೆ ಹೋಗಿರೋದು?"

ಒಲೆ ಒರೆಸುತ್ತ, ಅತ್ತೆಯ ಮುಖ ನೋಡದೆ, ಅವಳು ಎಲ್ಲವನ್ನೂ ಹೇಳಿದಳು.

ಗಂಡನ ಕೆಲಸ ಹಳೆಯ ಫಿಲ್ಮುಗಳನ್ನು ರಿಪೇರಿ ಮಾಡುವುದು. ಹರಿದದ್ದನ್ನು ಜೋಡಿಸುವುದು, ಬೂಷ್ಟು ಒರೆಸುವುದು, ಸುತ್ತಿ ಡಬ್ಬಿಗೆ ಹಾಕುವುದು. ಅವಳದು ಆ ಚಿತ್ರಗಳ ಮಾತುಗಳನ್ನು ಕೇಳಿ ಬರೆದಿಡುವ ಕೆಲಸ. ವಿಶ್ವವಿದ್ಯಾಲಯದಲ್ಲಿ ಓದಿದ್ದೂ ಹಳೆಯ ಚಿತ್ರಗಳ ಬಗ್ಗೆಯೇ. ಅಲ್ಲಿ ಯಾವುದೋ ಪುಸ್ತಕದ ಅಡಿಟಿಪ್ಪಣಿಯಲ್ಲಿ ಒಂದು ನಗೆಚಿತ್ರದ ಪ್ರಸ್ತಾಪವಿತ್ತು. ತೆರೆಗೆ ಬಂದ ವಾರವೇ ಕಾಣೆಯಾದ ಚಿತ್ರ. ಟೋಪಿ ಅಂಗಡಿಯ ಹುಡುಗಿಯೊಬ್ಬಳು ಮುದಿ ಶ್ರೀಮಂತನೊಬ್ಬನ ಮನೆಗೆ ಟೋಪಿ ಕೊಡಲು ಹೋಗುತ್ತಾಳೆ. ಕಳೆದುಹೋದ ಮೊಮ್ಮಗಳೇ ಬಂದಳೆಂದು ಮನೆಯವರು ತಬ್ಬಿಕೊಳ್ಳುತ್ತಾರೆ. ಅಲ್ಲ ಎನ್ನಲು ಬಾಯಿ ತೆರೆದಾಗಲೆಲ್ಲ ಯಾರಾದರೂ ಅದರೊಳಗೆ ತಿಂಡಿ ತುರುಕುತ್ತಾರೆ. ಅಷ್ಟರಲ್ಲಿ ಆಸ್ತಿಯ ಸುದ್ದಿ ಹಬ್ಬಿ ಇನ್ನೊಬ್ಬಳು ಮೊಮ್ಮಗಳು ಬರುತ್ತಾಳೆ, ಆಮೇಲೆ ಮತ್ತೊಬ್ಬಳು.

ಅಷ್ಟು ತಮಾಷೆಯ ಚಿತ್ರ ಹೇಗೆ ಮಣ್ಣುಪಾಲಾಯಿತೆಂದು ಗಂಡ ಹೆಂಡತಿ ಹುಡುಕುತ್ತ ಹೋದರು. ಉಳಿದಿದ್ದ ಒಂದೇ ಒಂದು ಪ್ರತಿ ಇದ್ದದ್ದು ಮುಚ್ಚಿಹೋದ ಟಾಕೀಸಿನಲ್ಲಿ, ಕಣ್ಣು ಮಂಜಾದ ಅದರ ಮಾಲೀಕನ ಮಂಚದ ಕೆಳಗೆ. ಅಜ್ಜ ಬಾಗಿಲಲ್ಲೇ ತಡೆದಿದ್ದ. "ನನ್ನ ಡಬ್ಬಿ ಮುಟ್ಟೋಕೆ ನಾನು ಬಿಟ್ಟಿದ್ದು ಯಂತ್ರ ಓಡಿಸ್ತಿದ್ದ ನನ್ನ ಆಪರೇಟರನ್ನ ಮಾತ್ರ. ಅವನು ಬಂದ್ರೆ ಕೊಡ್ತೀನಿ. ಅವನ ಮಗ ಬಂದ್ರೂ ಕೊಡ್ತೀನಿ. ನೀವು ಯಾವ ಸೀಮೆಯವರು?"

ಆಗ ಇವಳ ಬಾಯಿ ಸುಮ್ಮನಿರಲಿಲ್ಲ. "ಅವರ ಮಗಾನೇ ಅಜ್ಜ, ಇವರು."

ಅದು ಆ ಚಿತ್ರದಿಂದಲೇ ಕದ್ದ ತಮಾಷೆ. ಗಂಡ ಅವಳ ಕಾಲು ತುಳಿದ. ಅಜ್ಜ ನಗುತ್ತಾನೆ, ಬೈಯುತ್ತಾನೆ, ಕೊನೆಗೆ ಒಳಗೆ ಕರೆಯುತ್ತಾನೆ ಎಂದುಕೊಂಡಿದ್ದಳು. ಅಜ್ಜ ಎರಡೂ ಕೈಯಿಂದ ಗಂಡನ ಮುಖ ತಡವಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಆ ಚಿತ್ರದ ಮೊದಲ ಆಟದ ದಿನ ಕೊನೆಯ ರೀಲು ಯಂತ್ರದಲ್ಲಿ ಹರಿದಿತ್ತಂತೆ. ಹುಡುಗಿ ನಿಜ ಹೇಳಲು ಬಾಯಿ ತೆರೆದಾಗಲೇ ಪರದೆ ಬೆಳ್ಳಗಾಗಿ ಜನ ಕುರ್ಚಿ ಕಿತ್ತರು. ಅಜ್ಜ ಎಲ್ಲರೆದುರು ಆಪರೇಟರನ ಕೆನ್ನೆಗೆ ಬಾರಿಸಿದ. ಅವನು ಅಂದೇ ಹೋದವನು ಮತ್ತೆ ಬರಲಿಲ್ಲ. ಆ ಚಿತ್ರವನ್ನೂ ಅಜ್ಜ ಮತ್ತೆ ಓಡಿಸಲಿಲ್ಲ.

"ನಿಮ್ಮಪ್ಪ ನನ್ನ ಬಗ್ಗೆ ಏನಂತಿದ್ದ?" ಎಂದು ಅಜ್ಜ ಕೇಳಿದಾಗ ಗಂಡ, "ಒಂದು ದಿನಾನೂ ಕೆಟ್ಟ ಮಾತಾಡಿಲ್ಲ ಅಜ್ಜ" ಎಂದ. ಹೊರಗೆ ಬಂದು ಅವಳ ಮೇಲೆ ಹರಿಹಾಯ್ದ. "ಹೇಳಿದ್ದೇನೋ ಸುಳ್ಳಲ್ಲ. ನಮ್ಮಪ್ಪನಿಗೆ ಈ ಅಜ್ಜ ಯಾರು ಅಂತಲೇ ಗೊತ್ತಿರ್ಲಿಲ್ಲ!" ಆಮೇಲೆ ಇಬ್ಬರೂ ಬಸ್ ನಿಲ್ದಾಣದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ರೀಲುಗಳು ಒಂದೊಂದಾಗಿ ಮನೆಗೆ ಬಂದವು, ರಿಪೇರಿಯಾಗಿ ವಾಪಸಾದವು.

ಅತ್ತೆ ಕೇಳಿ ಮುಗಿಸಿ ಕುರ್ಚಿ ಎಳೆದುಕೊಂಡು ಕೂತರು.

"ಅಂದ್ರೆ ಇಷ್ಟು ದಿನ ನಾನು ಯಾವನೋ ಆಪರೇಟರ್ ಹೆಂಡ್ತಿ."

"ತಮಾಷೆಗೆ ಅಂದಿದ್ದು, ಅತ್ತೆ."

"ತಮಾಷೆಗೆ ಅಂದಿದ್ದನ್ನ ತಮಾಷೆಯಾಗೇ ಮುಗಿಸ್ಬೇಕಿತ್ತು. ನಿಮ್ಮ ಮಾವ ಕಂಡೋರ ಬಟ್ಟೆಗೆಲ್ಲ ಗುಂಡಿ ಹಚ್ಚಿ ಹಚ್ಚಿ ಕಣ್ಣು ಕಳ್ಕೊಂಡ್ರು, ಇವನು ಓದ್ಲಿ ಅಂತ. ನೀನು ಒಂದೇ ಮಾತಲ್ಲಿ ಅವರನ್ನ ಆಚೆ ತಳ್ಳಿದೆ. ಇವನಿಗಾದ್ರೂ ಬುದ್ಧಿ ಬೇಡ್ವಾ?"

"ಅವರು ನಿಜ ಹೇಳ್ಬೇಕು ಅಂತಾನೇ ಇದ್ರು."

ಅಲ್ಲಿಗೆ ನಿಲ್ಲಿಸಿದಳು. ಮುಂದಿನದನ್ನು ಹೇಳದೆ ಒಲೆಯನ್ನು ಮತ್ತೆ ಒರೆಸತೊಡಗಿದಳು.

ಮಧ್ಯಾಹ್ನ ಅವಳು ಅವನ ಕೋಣೆಯ ಬಾಗಿಲು ತೆರೆದಳು. ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫಿಲ್ಮು ಗಾಳಿಯಾಡದೆ ಕೊಳೆಯತೊಡಗಿದರೆ ಬರುವ ವಾಸನೆ ಅದು. ಮದುವೆಯಾದ ಹೊಸದರಲ್ಲಿ ಅವನ ಅಂಗಿಯಲ್ಲೂ ಬರುತ್ತಿತ್ತು. ಮೇಜಿನ ಮೇಲೆ ಕೊನೆಯ ರೀಲು ಅವನು ಬಿಟ್ಟಲ್ಲೇ ಇತ್ತು, ಹರಿದ ಎರಡು ತುದಿಗಳು ಒಂದನ್ನೊಂದು ನೋಡುತ್ತಿದ್ದವು.

ಫಿಲ್ಮನ್ನು ನೋಡುವ ಪುಟ್ಟ ಪೆಟ್ಟಿಗೆಗೆ ಹಾಯಿಸಿ ಕೈಯಿಂದ ತಿರುವಿದಳು. ಅಂಗೈಯಗಲದ ಗಾಜಿನಲ್ಲಿ ಬೆಳಕು ಹತ್ತಿ ಊಟದ ಮೇಜು ಕಾಣಿಸಿತು. ವಕೀಲ ಕಾಗದ ಬಿಚ್ಚುತ್ತಾನೆ. ಮೂವರು ಮೊಮ್ಮಕ್ಕಳೂ ಒಟ್ಟಿಗೆ ಮೂರ್ಛೆ ಹೋಗಬೇಕು, ಆದರೆ ಮನೆಯಲ್ಲಿರುವುದು ಒಂದೇ ಸೋಫಾ. ಮೊದಲನೆಯವಳು ಅದರ ಮೇಲೆ ಬೀಳುತ್ತಾಳೆ. ಎರಡನೆಯವಳು ಅವಳ ಮೇಲೆ. ಮೂರನೆಯವಳು ಬೀಳುವ ಮುಂಚೆ ಒಂದು ಕಣ್ಣು ತೆರೆದು, ಜಾಗವಿಲ್ಲವೆಂದು ಕಂಡು, ಅಡುಗೆಯವನನ್ನು "ಸ್ವಲ್ಪ ಹಿಡ್ಕೋ" ಎಂಬಂತೆ ಹತ್ತಿರ ಕರೆಯುತ್ತಾಳೆ. ಅಡುಗೆಯವನು ಸೂಪಿನ ಪಾತ್ರೆ ಎಲ್ಲಿಡುವುದೆಂದು ತಿಳಿಯದೆ ಅವಳ ಕೈಗೇ ಕೊಡುತ್ತಾನೆ.

ಅವಳು ನಕ್ಕುಬಿಟ್ಟಳು. ಸಣ್ಣ ನಗುವಲ್ಲ, ಗೋಡೆ ದಾಟುವಂಥ ನಗು, ತಡೆಯಲು ಹೋದಷ್ಟೂ ಉಕ್ಕುವಂಥದ್ದು. ಬಾಯಿಗೆ ಕೈ ಅಡ್ಡ ಹಿಡಿದು ತಿರುಗಿದರೆ ಅತ್ತೆ ನಿಂತಿದ್ದರು. ಗಂಡನಿಗಾಗಿ ಒಂದು ಹನಿ ಹಾಕದವಳು ಅವನ ಕುರ್ಚಿಯಲ್ಲಿ ಕೂತು ನಗುತ್ತಿದ್ದಾಳೆ.

"ತಪ್ಪಾಯ್ತು, ಅತ್ತೆ."

"ಅವನೂ ಈ ಜಾಗಕ್ಕೇ ನಗ್ತಿದ್ದ ಅನ್ಸುತ್ತೆ. ಗೋಡೆ ಆಚೆಯಿಂದ ಕೇಳಿಸ್ತಿತ್ತು." ಅತ್ತೆ ಒಳಗೆ ಬಂದು ಮೇಜಿನ ಮೇಲಿನ ಪುಟ್ಟ ಬಾಟಲಿ ಎತ್ತಿಕೊಂಡರು. "ಇದೇನು? ಅವನ ಚೀಲದಲ್ಲಿತ್ತು, ನಾನೇ ತಂದು ಇಲ್ಲಿಟ್ಟೆ. ಇವನೇ ಉಳೀಲಿಲ್ಲ, ಇದಕ್ಕೊಂದು ಬಿರುಕೂ ಬಿಟ್ಟಿಲ್ಲ."

"ಫಿಲ್ಮಿಗೆ ಹಚ್ಚೋ ಅಂಟು." ಅವಳು ಬಾಟಲಿಯನ್ನೇ ನೋಡುತ್ತ ಹೇಳಿದಳು. "ಅವತ್ತು ಬೆಳಿಗ್ಗೆ ಅವರು ಅಜ್ಜನ ಮನೆಗೇ ಹೊರಟಿದ್ರು, ನಿಜ ಹೇಳಿಬಿಡ್ತೀನಿ ಅಂತ. ನಾನೇ ಬೇಡ ಅಂದೆ. ಕೊನೇ ರೀಲು ಒಂದು ಮುಗೀಲಿ, ಆಮೇಲೆ ಹೇಳಿ, ಈಗ ಹೇಳಿದ್ರೆ ಕಿತ್ಕೊಂಡುಬಿಡ್ತಾರೆ ಅಂದೆ. ಅಂಟು ಮುಗಿದಿತ್ತು. ಅದನ್ನ ತರೋಕೆ ಅಂತ ಆ ರಸ್ತೆಗೆ ಹೋದ್ರು. ಲಾರಿ ಬಂದಿದ್ದು ಆ ರಸ್ತೇಲಿ."

ಅತ್ತೆ ಬಾಟಲಿಯನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದಿದ್ದರು. ಎತ್ತಿ ಎಸೆಯುತ್ತಾರೆ, ಇಲ್ಲ ತನ್ನನ್ನು ಅಪ್ಪಿಕೊಳ್ಳುತ್ತಾರೆ ಎಂದು ಅವಳು ಕಾದಳು. ಎರಡೂ ಆಗಲಿಲ್ಲ. ಬಾಟಲಿಯನ್ನು ಅವಳ ಮುಂದೆ ಇಟ್ಟರು.

"ಹಾಗಾದ್ರೆ ಜೋಡಿಸು."

"ನಂಗೆ ಬರಲ್ಲ. ನೋಡಿದೀನಿ ಅಷ್ಟೇ."

"ಬರುತ್ತೋ ಬಿಡುತ್ತೋ. ಇದಕ್ಕೋಸ್ಕರ ಹೋದನಲ್ಲ." ಬಾಗಿಲ ಹತ್ತಿರ ಹೋಗಿ ತಿರುಗಿದರು. "ನಾಳೆ ಅಲ್ಲಿ ನಮ್ಮನೆಯವರ ಹೆಸರು ಹೇಳು. ದರ್ಜಿ ಅಂತಾನೂ ಹೇಳು."

ಅವನು ಮಾಡುತ್ತಿದ್ದುದನ್ನು ನೆನೆದು ನೆನೆದು ಮಾಡಿದಳು. ಎರಡೂ ತುದಿಗಳನ್ನು ನೇರವಾಗಿ ಕತ್ತರಿಸಿ, ಜೋಡಿಸುವ ಯಂತ್ರದ ಮುಳ್ಳುಗಳಿಗೆ ಕೂರಿಸಿ, ಒಂದರ ಮೇಲ್ಪದರವನ್ನು ಬ್ಲೇಡಿನಿಂದ ಕೆರೆದು, ಅಂಟು ಸವರಿ, ಒತ್ತಿ ಹಿಡಿದಳು. ಬಿಡಿಸಿ ನೋಡಿದರೆ ಕೆರೆದದ್ದು ಸಾಲದೆ ಬೆಸುಗೆ ದಪ್ಪಗೆ ಉಬ್ಬಿಕೊಂಡಿತ್ತು. ಇನ್ನೊಮ್ಮೆ ಮಾಡಬೇಕೆಂದರೆ ಮತ್ತೆ ಕತ್ತರಿಸಬೇಕು. ಕತ್ತರಿಸಿದರೆ ಹುಡುಗಿಯ ತೆರೆದ ಬಾಯಿಯೇ ಹೋಗಿಬಿಡುತ್ತದೆ. ಹಾಗೇ ಬಿಟ್ಟಳು.

ಮರುದಿನ ಬೆಳಿಗ್ಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಹೇಳಬೇಕಾದ ಮಾತನ್ನು ಎಷ್ಟು ಸಲ ಹೊಂದಿಸಿಕೊಂಡರೂ ಅದರ ಪಕ್ಕದಲ್ಲೇ ಇನ್ನೊಂದು ಮಾತು ಬಂದು ಕೂರುತ್ತಿತ್ತು. ಅವನು ತೀರಿಕೊಂಡದ್ದನ್ನಷ್ಟೇ ಹೇಳಿದರೆ ಸಾಕು. ಅಜ್ಜ ಎಲ್ಲವನ್ನೂ ಆಪರೇಟರ್ ಮಗನ ಹೆಂಡತಿಗೆ ಬರೆದಾನು. ಡಬ್ಬಿಗಳು ಗುಜರಿಗೆ ಹೋಗುವುದು ತಪ್ಪುತ್ತದೆ, ಚಿತ್ರವೂ ಉಳಿಯುತ್ತದೆ. ಆಪರೇಟರ್ ಕ್ಷಮಿಸಿದನೆಂಬ ನೆಮ್ಮದಿಯೂ ಅಜ್ಜನಿಗೆ ಉಳಿಯುತ್ತದೆ. ನಿಜದಿಂದ ಯಾರಿಗೆ ಏನು ಸಿಗುತ್ತದೆ? ಇಳಿಯುವ ನಿಲ್ದಾಣ ಬಂತು. ಅವಳ ಹತ್ತಿರ ಮಾವನ ಹೆಸರು ಮಾತ್ರ ಇತ್ತು.

ಅಜ್ಜ ಹಳೆಯ ಟಿಕೆಟ್ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದ. ವಕೀಲರು ಬರುತ್ತಾರೆಂದು ಇಸ್ತ್ರಿ ಅಂಗಿ ಹಾಕಿ, ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ.

"ಹೆಜ್ಜೆ ಸದ್ದು ನಿಂದು. ಅವನೆಲ್ಲಿ?"

"ಅವರು ಹೋಗ್ಬಿಟ್ರು ಅಜ್ಜ. ರಸ್ತೇಲಿ, ಲಾರಿ. ನಿನ್ನೆ ನಾನು ನಿಮಗೆ ಸುಳ್ಳು ಹೇಳಿದೆ."

ಅಜ್ಜನ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅವಳು ಡಬ್ಬಿ ಕೆಳಗಿಟ್ಟು ತನ್ನ ಕೈ ಕೊಟ್ಟಳು. "ಅಪ್ಪನ್ನೂ ಕಳ್ಕೊಂಡೆ, ಮಗನ್ನೂ ಕಳ್ಕೊಂಡೆ" ಎಂದು ಅಜ್ಜ ಗೊಣಗುತ್ತಿದ್ದ. "ನೀನು ಹೆದರ್ಬೇಡ ಮಗಳೇ. ಎಲ್ಲಾ ನಿನ್ನ ಹೆಸರಿಗೆ ಮಾಡ್ತೀನಿ. ಆಪರೇಟರ್ ಸೊಸೆ ನೀನು."

ಇಲ್ಲಿ ಬಾಯಿಗೆ ತಿಂಡಿ ತುರುಕುವವರು ಯಾರೂ ಇರಲಿಲ್ಲ.

"ಅಲ್ಲ ಅಜ್ಜ. ನಾನು ದರ್ಜಿ ಸೊಸೆ." ಮಾವನ ಹೆಸರು ಹೇಳಿದಳು. "ಅವರು ನಿಮ್ಮ ಆಪರೇಟರ್ ಮಗ ಅಲ್ಲ. ಅವತ್ತು ಸುಳ್ಳು ಹೇಳಿದ್ದೂ ನಾನೇ. ಅವರು ನಿಜ ಹೇಳ್ಬೇಕು ಅಂದಾಗ ತಡೆದಿದ್ದೂ ನಾನೇ."

ಅಜ್ಜ ತನ್ನ ಕೈ ಹಿಂದಕ್ಕೆ ತೆಗೆದುಕೊಂಡ. ಹೊರಗೆ ಯಾರೋ ಶಟರ್ ಎಳೆದ ಸದ್ದಾಯಿತು.

"ಹಾಗಾದ್ರೆ ಅವನು ನನ್ನ ಬಗ್ಗೆ ಏನಂತಿದ್ದ, ನನ್ನ ಆಪರೇಟರ್?"

"ಗೊತ್ತಿಲ್ಲ ಅಜ್ಜ."

"ಬೈತಿದ್ನೇನೋ."

"ಗೊತ್ತಿಲ್ಲ."

"ಆಪರೇಟರ್ ಫಿಲ್ಮು ಜೋಡಿಸಿದ್ರೆ ಬೆಸುಗೆ ಉಗುರಿಗೆ ತಗಲ್ತಿತ್ತು," ಅಜ್ಜ ಯಾರಿಗೋ ಹೇಳುವಂತೆ ಹೇಳಿದ. "ಇವನು ತಂದ ರೀಲು ಎಷ್ಟು ಸವರಿದ್ರೂ ತಗಲ್ತಿರ್ಲಿಲ್ಲ. ಮಗ ಅಪ್ಪನ್ನ ಮೀರಿಸಿದ ಅಂತ ಎಷ್ಟು ಹಿಗ್ಗಿದ್ದೆ. ದರ್ಜಿ ಮಗನಾ." ಆಮೇಲೆ, "ವಕೀಲರಿಗೆ ಬರ್ಬೇಡಿ ಅನ್ಬೇಕು" ಎಂದ.

ಅವಳು ಕ್ಷಮೆ ಕೇಳಲಿಲ್ಲ. ಕೇಳಿದರೆ ಕೊಡುವ ಭಾರವೂ ಅಜ್ಜನದೇ ಆಗುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆದು, ರೀಲನ್ನು ಅವನ ತೊಡೆಯ ಮೇಲಿಟ್ಟಳು. ಅಜ್ಜ ಅಭ್ಯಾಸಬಲದಿಂದ ಮೂಸಿ, ಫಿಲ್ಮನ್ನು ಬೆರಳುಗಳ ನಡುವೆ ಹಾಯಿಸುತ್ತ ಹೋದ. ಒಂದು ಕಡೆ ಉಗುರು ಟಕ್ಕೆಂದು ತಡೆಯಿತು.

"ಇದು ತಗಲ್ತಿದೆ."

"ಅದು ನಾನು ಜೋಡಿಸಿದ್ದು."

ಅಜ್ಜ ಉಗುರನ್ನು ಹಿಂದಕ್ಕೆ ತಂದು ಮತ್ತೆ ಅದೇ ಜಾಗದ ಮೇಲೆ ಹಾಯಿಸಿದ. ಮತ್ತೊಮ್ಮೆ ಹಾಯಿಸಿದ. ಆಮೇಲೆ ರೀಲನ್ನು ಅವಳ ಕಡೆಗೆ ಚಾಚಿದ. ಅವಳು ಅದನ್ನು ಡಬ್ಬಿಗೆ ಹಾಕಿ, ಬಗ್ಗಿ, ಮಂಚದ ಕೆಳಗೆ ಅದರ ಜೊತೆಯ ಡಬ್ಬಿಗಳ ಪಕ್ಕಕ್ಕೆ ಸರಿಸಿದಳು. ಮುಚ್ಚಳವನ್ನು ಅಂಗೈಯಿಂದ ಒತ್ತುವ ಸದ್ದು ಅಜ್ಜನಿಗೆ ಕೇಳಿಸಿತು.

"ಅಷ್ಟು ಬಿಗಿಯಾಗಿ ಮುಚ್ಚಬೇಡ" ಎಂದ, ಅವಳ ಕಡೆ ತಿರುಗದೆ. "ಉಸಿರಾಡ್ಲಿ."

ಅವಳು ಮುಚ್ಚಳವನ್ನು ತುಸು ಸಡಿಲಿಸಿ ಇಟ್ಟಳು.