ಬಂಗುಡೆ ಬಾಲದ ಹಲಗೆ

ನಾನು ಒಂದು ಸರ್ಫಿಂಗ್ ಹಲಗೆ. ಸದ್ಯ ಅರ್ಧ ಹಲಗೆ. ಬಾಲದ ಕಡೆಯ ಅರ್ಧ ಬೋಟ್ ರಿಪೇರಿ ಶೆಡ್ಡಿನ ಮೂಲೆಯಲ್ಲಿದೆ. ಮೂತಿಯ ಕಡೆಯ ಅರ್ಧವನ್ನು ಕಡಲು ಕೊಂಡುಹೋಯಿತು. ನನ್ನನ್ನು ಮುರಿದದ್ದು ಅಲೆ ಎಂದು ಊರಿನವರು ಬಹಳ ದಿನ ಹೇಳುತ್ತಿದ್ದರು. ನಡೆದದ್ದು ಬೇರೆ.

ಮೊದಲು ನಾನು ಥರ್ಮಾಕೋಲಿನ ಒಂದು ದಿಮ್ಮಿಯಾಗಿದ್ದೆ. ಟಿವಿಯ ಪೆಟ್ಟಿಗೆಯೊಳಗೆ ತುರುಕಿರುತ್ತಾರಲ್ಲ, ಅದೇ ಜಾತಿ, ಸ್ವಲ್ಪ ಬಿಗಿ ಅಷ್ಟೆ. ಹಡಗಿನ ಕೆಲಸ ಬಿಟ್ಟು ಬಂದ ಸಿರಿಲ್ ಲಸ್ರಾದೊ ಎಂಬವರು ಮನೆಯ ಹಿಂದಿನ ಹಂಚಿನ ಕೊಟ್ಟಿಗೆಯಲ್ಲಿ ನನ್ನನ್ನು ಕಾದ ತಂತಿಯಿಂದ ಕೊಯ್ದರು, ಮರಳುಕಾಗದದಿಂದ ಉಜ್ಜಿದರು, ಮೇಲೆ ಗಾಜಿನೆಳೆಯ ಬಟ್ಟೆ ಹಾಸಿ ಎಪಾಕ್ಸಿ ಎಂಬ ಅಂಟು ಹಚ್ಚಿ ಒಣಗಿಸಿದರು. ಊರಿನವರು ಅವರನ್ನು ಗೌರವದಿಂದ ಸಿರಿಲ್ ಪೊರ್ಬುಗಳು ಎನ್ನುತ್ತಿದ್ದರು. ನನ್ನ ಉದ್ದ ಐದೂವರೆ ಅಡಿ. ಅಗಲ ಎದೆ, ದಪ್ಪ ಹೊಟ್ಟೆ, ಎರಡಾಗಿ ಸೀಳಿದ ಬಾಲ, ಅಡಿಯಲ್ಲಿ ಎರಡೇ ರೆಕ್ಕೆ. ಈ ಆಕಾರದ ಹಲಗೆಗೆ ಫಿಶ್ ಎಂದು ಹೆಸರು. ಮೊಣಕಾಲಿನಿಂದ ಸೊಂಟದವರೆಗಿನ ಬಲವಿಲ್ಲದ ಅಲೆಯ ಮೇಲೂ ನಿಲ್ಲದೆ ಓಡುತ್ತೇವೆ. ಅಲೆ ತಲೆಯ ಮಟ್ಟ ದಾಟಿದರೆ ನಮ್ಮ ಕೆಲಸ ಮುಗಿಯಿತು. ಹಿಂಭಾಗ ಹಿಡಿತ ಬಿಟ್ಟು ಜಾರುತ್ತದೆ. ಇದು ದೋಷವಲ್ಲ, ನಮ್ಮನ್ನು ಮಾಡಿದ್ದೇ ಹಾಗೆ.

ನನ್ನನ್ನು ಕೊಳ್ಳಲು ಬಂದವರು ಅಪ್ಪ, ಮಗಳು. ಮಗಳು ಯಕ್ಷಿತಾ, ಇಪ್ಪತ್ತೊಂದು ವರ್ಷ. ಅಳಿವೆಯ ಪಕ್ಕದ ಸರ್ಫಿಂಗ್ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಳು. ಮೇ ಕೊನೆಗೆ ಸ್ಪರ್ಧೆ ಇತ್ತು. ಗೆದ್ದವರಿಗೆ ರಾಜ್ಯದ ತಂಡದಲ್ಲಿ ಜಾಗ. ಅಪ್ಪ ವಾಮನ ಮೆಂಡನ್, ಬೋಟು ನಿಲ್ಲುವ ದಕ್ಕೆಯ ಹತ್ತಿರದ ಶೆಡ್ಡಿನಲ್ಲಿ ಮೀನುಗಾರಿಕೆ ಬೋಟುಗಳಿಗೆ ಫೈಬರ್ ಹಾಕುವ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಅವನು ಮುಟ್ಟಿದ ಬೋಟಿಗೆ ನೀರು ಒಸರಿದ ದಾಖಲೆ ಇಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆಯವರೂ ಇಲ್ಲವೆನ್ನುತ್ತಿರಲಿಲ್ಲ.

ಯಕ್ಷಿತಾ ಮೊದಲು ಕೈ ಹಾಕಿದ್ದು ಗೋಡೆಗೊರಗಿದ್ದ ತೆಳು, ಚೂಪು ಮೂತಿಯ ಹಲಗೆಗೆ. ವಿಡಿಯೊಗಳಲ್ಲಿ ಎಲ್ಲರ ಕಾಲಡಿಯಲ್ಲಿ ಇರುವುದು ಅಂಥದ್ದೇ. ಪೊರ್ಬುಗಳು ಅದನ್ನು ಅವಳ ಕೈಯಿಂದ ತೆಗೆದು ಪುನಃ ಗೋಡೆಗಿಟ್ಟರು. ಇಲ್ಲಿ ವರ್ಷದಲ್ಲಿ ಎಷ್ಟು ತಿಂಗಳು ಅಲೆ ಎದೆಯವರೆಗೆ ಬರುತ್ತದೆ ಎಂದು ಕೇಳಿದರು. ಮಳೆಗಾಲ ಬಿಟ್ಟರೆ ಬರುವುದೇ ಇಲ್ಲ ಎಂದಳು ಅವಳು. ಮತ್ತೆ ಇದರ ಮೇಲೆ ನಿಂತು ಎಂತ ಮಾಡುತ್ತೀ, ಬಸ್ ಕಾಯುತ್ತೀಯಾ ಎಂದರು ಪೊರ್ಬುಗಳು.

ಕೊನೆಗೆ ಆರಿಸಿದ್ದು ಅಪ್ಪನೇ. ನನ್ನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ, ಅಡಿಯನ್ನು ಅಂಗೈಯಿಂದ ತಡವಿದ. ಅಳಿವೆಯ ಸಪ್ಪೆ ನೀರಿನಲ್ಲಿ ಓಡುವ ದೋಣಿಗೂ ಹೀಗೆಯೇ ಅಗಲ ಹೊಟ್ಟೆ, ಇದು ತೇಲುತ್ತದೆ ಎಂದ. ಬಾಲ ನೋಡಿ, ಬಂಗುಡೆ ಎಂದು ನಕ್ಕ. ಪೊರ್ಬುಗಳು ನನ್ನನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ ಕೊಡುವಾಗ ಒಂದು ಮಾತು ಹೇಳಿದರು. ಎಲ್ಲಿಯಾದರೂ ಪೆಟ್ಟಾದರೆ ನೀವು ಕೈಹಾಕಬೇಡಿ, ನನ್ನ ಹತ್ತಿರ ತನ್ನಿ. ಯಾಕೆಂದು ಅವರು ಹೇಳಲಿಲ್ಲ, ವಾಮನ ಕೇಳಲೂ ಇಲ್ಲ.

ಮನೆಗೆ ಬಂದಾಗ ಯಕ್ಷಿತಾಳ ತಾಯಿ ಮಾರುಕಟ್ಟೆಯಿಂದ ಬಂದು ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಇಷ್ಟು ದೊಡ್ಡ ಬಂಗುಡೆ ತಂದಿದ್ದೀರಿ, ಸಾರಿಗಂತೂ ಆಗುವುದಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು.

ಡಿಸೆಂಬರಿನಿಂದ ಮಾರ್ಚಿನವರೆಗೆ ನನಗೆ ಒಳ್ಳೆಯ ದಿನಗಳು. ಬೆಳಿಗ್ಗೆ ಕಡಲು ಎಣ್ಣೆಯ ಹಾಗೆ ಬಿದ್ದಿರುತ್ತಿತ್ತು. ಬೇರೆಯವರ ಹಲಗೆಗಳು ಮುಳುಗಿ ನಿಲ್ಲುವಂಥ ಸೋತ ಅಲೆಯ ಮೇಲೂ ನಾನು ಅವಳನ್ನು ದಡದ ಮರಳಿನವರೆಗೆ ತರುತ್ತಿದ್ದೆ.

ಏಪ್ರಿಲ್ ಮೊದಲ ವಾರ ಸ್ಕೂಟರಿನ ಪಕ್ಕಕ್ಕೆ ಕಟ್ಟಿದ ಹಗ್ಗ ಸಡಿಲಾಗಿ ನಾನು ಸೇತುವೆಯ ಕಲ್ಲಿನ ಮೇಲೆ ಬಿದ್ದೆ. ನಡುವಿನಲ್ಲಿ, ಎಡಗಡೆ, ಗೇಣುದ್ದದ ಬಿರುಕು. ಅವಳು ಮುಂದಿನ ಕಾಲು ಊರುವ ಜಾಗ ಅದೇ. ಪೊರ್ಬುಗಳ ಹತ್ತಿರ ಕೊಂಡುಹೋಗುತ್ತೇನೆ ಎಂದಳು. ವಾಮನನಿಗೆ ಅದು ನಾಟಿತು. ಎಪ್ಪತ್ತು ಅಡಿಯ ಬೋಟಿಗೆ ಹೊಟ್ಟೆ ಕಟ್ಟಿಕೊಡುವವನ ಮಗಳು ಗೇಣು ಬಿರುಕಿಗೆ ಇನ್ನೊಬ್ಬನ ಬಾಗಿಲಿಗೆ ಹೋಗಬೇಕೇ ಎಂದ. ಮರುದಿನ ಮಧ್ಯಾಹ್ನ ಇದೇ ಶೆಡ್ಡಿನಲ್ಲಿ ನನ್ನನ್ನು ಎರಡು ಡ್ರಮ್ಮುಗಳ ಮೇಲೆ ಮಲಗಿಸಿದರು. ಅಲುಗದ ಹಾಗೆ ಅವಳು ಹಿಡಿದುಕೊಂಡಳು.

ಅವನು ಬಿರುಕನ್ನು ಗ್ರೈಂಡರಿನಿಂದ ಅಗಲಿಸಿದ. ಒಳಗೆ ಬಿಳಿ ಕಂಡಿತು. ಬೋಟುಗಳಲ್ಲಿ ಐಸ್ ಹಾಕುವ ಕೋಣೆಯ ಗೋಡೆಯೊಳಗೆ ಪಫ್ ಎಂಬ ಗಟ್ಟಿ ನೊರೆ ತುಂಬಿರುತ್ತಾರೆ. ನೋಡಲು ಹೆಚ್ಚುಕಡಿಮೆ ಹೀಗೆಯೇ. ಬೋಟಿಗೆ ಹಚ್ಚುವ ಅಂಟು ಎಪಾಕ್ಸಿಯಲ್ಲ, ಬೇರೆ ಜಾತಿಯ ರೆಸಿನ್; ಅದು ಪಫ್‌ಗೆ ಏನೂ ಮಾಡುವುದಿಲ್ಲ. ನನ್ನೊಳಗೂ ಪಫ್ ಎಂದೇ ಅವನು ತಿಳಿದ. ರೆಸಿನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ಬಿರುಕಿಗೆ ಸುರಿದ. ಅದು ಒಳಗಿಳಿಯಿತು. ಇನ್ನಷ್ಟು ಸುರಿದ. ಅದೂ ಇಳಿಯಿತು.

"ಬಿರುಕು ಆಳ ಉಂಟು ಮಗಾ," ಎಂದ. "ನೋಡು, ಕುಡೀತಾ ಉಂಟು."

ನಾನು ಕುಡಿಯುತ್ತಿರಲಿಲ್ಲ. ಕರಗುತ್ತಿದ್ದೆ. ಬಿಸಿನೀರು ಬಿದ್ದ ಬೆಲ್ಲದ ಹಾಗೆ ಒಳಗೊಳಗೇ ಕುಸಿಯುತ್ತಿದ್ದೆ. ಅವನು ಮೂರನೇ ಸಲವೂ ಸುರಿದ. ತಳದಲ್ಲಿ ರೆಸಿನ್ ಗಟ್ಟಿಯಾಯಿತು. ಅದರ ಮೇಲೆ ಒಂದು ತೆಂಗಿನಕಾಯಿ ಹಿಡಿಸುವಷ್ಟು ಟೊಳ್ಳು ಉಳಿಯಿತು. ಬಿರುಕಿನ ಬಾಯಿಗೆ ಎರಡು ಪದರ ಫೈಬರ್ ಮ್ಯಾಟ್ ಮುಚ್ಚಿ, ಬಣ್ಣ ಹಚ್ಚಿ, ಸಂಜೆಯವರೆಗೆ ತಿಕ್ಕಿ ಹೊಳಪು ಕೊಟ್ಟ. ಮುಗಿದ ಮೇಲೆ ಬಿರುಕು ಎಲ್ಲಿತ್ತೆಂದು ಅವಳಿಗೇ ಗೊತ್ತಾಗಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ತೋರಿಸಿದಳು. ನಮ್ಮ ಪಪ್ಪ ಮಾಡಿದ್ದು ಎಂದಳು.

ಚಿಕ್ಕ ಅಲೆಗೆ ಆ ಟೊಳ್ಳು ದೊಡ್ಡದಲ್ಲ. ಒಂದು ತಿಂಗಳು ಏನೂ ಆಗಲಿಲ್ಲ. ಆದರೆ ಅವಳು ಮೇಲೆ ಜಿಗಿದು ನಿಂತಾಗಲೆಲ್ಲ ಆ ಜಾಗ ಕೂದಲೆಳೆಯಷ್ಟು ಬಗ್ಗಿ ಮೇಲೆ ಬರುತ್ತಿತ್ತು. ಮೇ ಮೊದಲ ವಾರ ಗಟ್ಟಿಯಾಗಿದ್ದ ರೆಸಿನಿನ ಒಂದು ಉಂಡೆ ಒಳಗೆ ಕಳಚಿತು. ನನ್ನನ್ನು ಎತ್ತಿ ತಿರುಗಿಸಿದರೆ ಕಟಕಟ ಎನ್ನುತ್ತಿತ್ತು. ಅವಳು ಅಪ್ಪನಿಗೆ ಹೇಳಿದಳು. ಅವನು ಬೆರಳ ಗೆಣ್ಣಿನಿಂದ ನನ್ನ ಬೆನ್ನು ಬಡಿದು ಕಿವಿಯಿಟ್ಟ. ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ, ರೆಸಿನ್ ಹೆಚ್ಚಾದದ್ದು ಒಣಗಿ ಬಿದ್ದಿರಬೇಕು, ಅದಕ್ಕೇನು ಎಂದ.

ನನಗೆ ಬಾಯಿ ಇಲ್ಲ. ಇದ್ದದ್ದು ಆ ಕಟಕಟ ಮಾತ್ರ.

ಸ್ಪರ್ಧೆಗೆ ಎರಡು ದಿನ ಇರುವಾಗ ಅರಬ್ಬಿ ಕಡಲಿನಲ್ಲಿ ಎಲ್ಲೋ ದೂರ ತೂಫಾನ್ ಎದ್ದಿತು. ಮಳೆ ಬರಲಿಲ್ಲ. ಆಕಾಶ ನೀಲಿಯೇ ಇತ್ತು, ಗಾಳಿಯೂ ಇರಲಿಲ್ಲ. ಅಲೆ ಮಾತ್ರ ಬದಲಾಯಿತು. ಮೊದಲ ದಿನ ಸೊಂಟ, ಮರುದಿನ ಭುಜ, ಸ್ಪರ್ಧೆಯ ಬೆಳಿಗ್ಗೆ ತಲೆಯ ಮೇಲೆ. ಎರಡು ಅಲೆಗಳ ನಡುವೆ ಕಡಲು ತುಂಬ ಹೊತ್ತು ಸುಮ್ಮನಿರುತ್ತಿತ್ತು. ದಡದ ಅಂಗಡಿಯವರು ಬೆಂಚುಗಳನ್ನು ಹಿಂದಕ್ಕೆ ಎಳೆದಿಟ್ಟರು. ಸ್ಪರ್ಧಿಗಳೆಲ್ಲ ಉದ್ದದ, ಚೂಪು ಮೂತಿಯ ಹಲಗೆಗಳನ್ನು ಹೊರತೆಗೆದರು. ಶಾಲೆಯ ತರಬೇತುದಾರ ಅಂಥದ್ದೊಂದನ್ನು ಯಕ್ಷಿತಾಳಿಗೂ ಕೊಡಲು ಬಂದ. ಫಿಶ್ ಇವತ್ತಿಗಲ್ಲ ಎಂದ. ಅವಳು ಎರಡನ್ನೂ ಮರಳಿನ ಮೇಲಿಟ್ಟು ನೋಡಿದಳು. ಅದರ ಮೇಲೆ ಅವಳು ಒಂದು ದಿನವೂ ನಿಂತವಳಲ್ಲ. ನನ್ನನ್ನು ಆರು ತಿಂಗಳಿನಿಂದ ಬಲ್ಲಳು.

"ಇದು ಜಾರಬಹುದು ಪಪ್ಪ," ಎಂದಳು. "ಒಡೆಯುವುದಿಲ್ಲ ಅಲ್ವಾ?"

ವಾಮನ ನನ್ನ ನಡುವಿನ ಹೊಳಪಿನ ಮೇಲೆ ಕೈ ಇಟ್ಟ. "ನಾನು ಹಾಕಿದ್ದು ಒಡೆಯುವುದುಂಟಾ? ಹೋಗು."

ಅವಳು ನನ್ನನ್ನೇ ಎತ್ತಿಕೊಂಡಳು.

ಮೊದಲ ಅಲೆಯಲ್ಲಿ ನಾನು ಜಾರಿದೆ. ಅವಳು ಬಿದ್ದು ಎದ್ದಳು. ಎರಡನೆಯದರಲ್ಲಿ ಹಿಂದಿನ ಕಾಲಿನ ಭಾರವನ್ನೆಲ್ಲ ಮುಂದಿನ ಕಾಲಿಗೆ ತಂದಳು. ಜಾರುವ ಹಲಗೆಯನ್ನು ಹಿಡಿದು ನಿಲ್ಲಿಸಲು ಅದೊಂದೇ ದಾರಿ, ಅವಳು ಮಾಡಿದ್ದು ಸರಿ. ಆ ಭಾರ ಬಿದ್ದದ್ದು ಟೊಳ್ಳಿನ ಮೇಲೆ. ಅಪ್ಪನ ಎರಡು ಪದರ ಮ್ಯಾಟ್ ತಟ್ಟೆಯ ಹಾಗೆ ಒಳಗೆ ಕುಸಿಯಿತು. ಅವಳ ಕಾಲು ಹಿಮ್ಮಡಿ ಮುಳುಗುವವರೆಗೆ ನನ್ನೊಳಗೆ ಇಳಿಯಿತು. ಹಿಂದಿನಿಂದ ಅಲೆ ಮಗುಚಿತು. ಕಾಲು ನನ್ನೊಳಗಿರುವಾಗಲೇ ನಾನು ಎರಡಾದೆ.

ಒಡೆದ ಫೈಬರಿನ ಅಂಚು ಮೀನು ಕೊಯ್ಯುವ ಕತ್ತಿಯಂಥದ್ದು. ಅವಳ ಹಿಮ್ಮಡಿಯ ಮೇಲಿನ ನರ ಹರಿಯಿತು. ನನ್ನ ಬಾಲಕ್ಕೂ ಅವಳ ಇನ್ನೊಂದು ಕಾಲಿಗೂ ಹಗ್ಗ ಕಟ್ಟಿತ್ತು. ಹಾಗಾಗಿ ಇಬ್ಬರೂ ಒಟ್ಟಿಗೆ ದಡಕ್ಕೆ ಬಂದೆವು. ಸುತ್ತಲಿನ ನೊರೆ ಕೆಂಪಾಗಿತ್ತು. ಅವಳನ್ನು ನಾಲ್ಕು ಜನ ಹೊತ್ತು ಜೀಪಿಗೆ ಹಾಕಿದರು. ವಾಮನ ಹಗ್ಗ ಬಿಚ್ಚಿ ನನ್ನನ್ನು ಬದಿಗೆ ತಳ್ಳುವಾಗ ಕೈ ಟೊಳ್ಳಿಗೆ ಹೋಯಿತು. ಒಳಗಿದ್ದ ರೆಸಿನಿನ ಉಂಡೆ ಅವನ ಅಂಗೈಗೆ ಬಂತು. ನೋಡಿ ಜೇಬಿಗೆ ಹಾಕಿಕೊಂಡ. ತನ್ನ ಅಂಗಿ ಬಿಚ್ಚಿ ನನ್ನ ಮುರಿದ ಬಾಯಿಗೆ ಸುತ್ತಿದ. ಬರಿಮೈಯಲ್ಲೇ ಜೀಪು ಹತ್ತಿದ. ಯಾರೂ ಏನೂ ನೋಡಲಿಲ್ಲ.

ವಾರ ಕಳೆದು ಅವನು ನನ್ನನ್ನು ಪೊರ್ಬುಗಳಲ್ಲಿಗೆ ಕೊಂಡುಹೋದ. ಅವರು ಟೊಳ್ಳಿಗೆ ಮೂಗಿಟ್ಟು ಮೂಸಿ, ಯಾವ ರೆಸಿನ್ ಹಾಕಿದಿರಿ ಎಂದು ಕೇಳಿದರು. ಬೋಟಿನದ್ದು ಎಂದ ವಾಮನ. ಅವರು ಎದ್ದುಹೋಗಿ ಥರ್ಮಾಕೋಲಿನ ಒಂದು ತುಂಡು ತಂದು, ಅದರ ಮೇಲೆ ಅದೇ ರೆಸಿನಿನ ನಾಲ್ಕು ಹನಿ ಬಿಟ್ಟರು. ತುಂಡು ಸುರುಟಿ ತೂತಾಯಿತು. ಎಪಾಕ್ಸಿಯಾಗಿದ್ದರೆ ಹಾಗಾಗುತ್ತಿರಲಿಲ್ಲ.

"ಬೇಡ ಅಂದೆ, ಯಾಕೆ ಅಂತ ಹೇಳಲಿಲ್ಲ. ಅದು ನನ್ನ ತಪ್ಪು ವಾಮನಣ್ಣ," ಎಂದರು ಪೊರ್ಬುಗಳು. "ಹುಡುಗಿಗೆ ನಾನು ಹೇಳುವುದಿಲ್ಲ. ಹೇಳುವುದಾದರೆ ನೀವೇ."

ಅವನು ಹೇಳಲಿಲ್ಲ. ನನ್ನನ್ನು ಶೆಡ್ಡಿನ ಮೂಲೆಗೆ ತಂದು, ಟೊಳ್ಳು ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದ. ಹತ್ತು ತಿಂಗಳು ನಾನು ಗೋಡೆ ನೋಡಿದೆ. ಯಕ್ಷಿತಾ ತಂಡಕ್ಕೆ ಹೋಗಲಿಲ್ಲ. ಹೊಲಿಗೆ ಒಣಗಿತು, ಎಡಗಾಲು ಸ್ವಲ್ಪ ಎಳೆಯುವುದು ಉಳಿಯಿತು. ಅಲೆ ದೊಡ್ಡದಿತ್ತು, ತರಬೇತುದಾರನ ಮಾತು ಕೇಳದ್ದು ನನ್ನದೇ ತಪ್ಪು ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ವಾಮನ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಕೆಲಸದ ನಡುವೆ ಅವನ ಕೈ ಜೇಬಿಗೆ ಹೋಗಿ ಆ ಉಂಡೆಯನ್ನು ತಿರುಗಿಸುವುದು ನನಗೆ ಕೇಳುತ್ತಿತ್ತು; ಬೀಗದ ಕೀಲಿಗೆ ತಾಗಿ ಕಟಕಟ ಎನ್ನುತ್ತಿತ್ತು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವಳು ಶೆಡ್ಡಿಗೆ ಬಂದಳು. ಬಗಲಲ್ಲಿ ಪೊರ್ಬುಗಳೇ ಮಾಡಿದ ಇನ್ನೊಂದು ಹಲಗೆ, ಶಾಲೆಯದ್ದು. ಪುನಃ ನೀರಿಗೆ ಇಳಿದು ಎರಡು ವಾರವಾಗಿತ್ತಂತೆ. ಹಲಗೆಯ ಮೂತಿಯ ಹತ್ತಿರ ಬಿರುಕು.

"ಪೊರ್ಬುಗಳು ಒಂದು ವಾರ ಆಗ್ತದೆ ಅಂತಾರೆ. ನೀವೇ ಹಾಕಿ ಪಪ್ಪ. ನಿಮ್ಮದು ಗಟ್ಟಿ."

ಅವನು ಹಲಗೆಯನ್ನು ಡ್ರಮ್ಮುಗಳ ಮೇಲಿಟ್ಟ. ಅವಳು ಹಿಡಿದುಕೊಂಡಳು. ಪ್ಲಾಸ್ಟಿಕ್ ಮಗ್ಗಿಗೆ ರೆಸಿನ್ ಸುರಿದ ಸದ್ದು ಕೇಳಿತು. ಹಾರ್ಡ್ನರ್ ಬೆರೆಸಿ ಕಡ್ಡಿಯಿಂದ ಕಲಕಿದ ಸದ್ದೂ ಕೇಳಿತು. ಅದೇ ಘಾಟು ಮೂಲೆಯವರೆಗೂ ಬಂತು. ಕಲಕುವುದು ನಿಲ್ಲಲಿಲ್ಲ. ಕಲಕುತ್ತಲೇ ಇದ್ದ. ಸಾಕಲ್ವಾ ಎಂದಳು ಅವಳು.

ಆಮೇಲೆ ಮಗ್ಗನ್ನು ನೆಲಕ್ಕಿಟ್ಟ. ನನ್ನ ಕಡೆಗೆ ಬಂದು, ನನ್ನನ್ನು ಎತ್ತಿ ಅವಳ ಮುಂದೆ ಹಿಡಿದ. ಟೊಳ್ಳು ಅವಳ ಕಡೆಗಿತ್ತು. ಅವಳ ಕೈ ಹಿಡಿದು ಮಣಿಕಟ್ಟಿನವರೆಗೆ ನನ್ನೊಳಗೆ ಇಟ್ಟ. ಜೇಬಿನ ಉಂಡೆಯನ್ನು ಅವಳ ಇನ್ನೊಂದು ಅಂಗೈಗೆ ಹಾಕಿದ.

"ಅಲೆ ಅಲ್ಲ," ಎಂದ. "ನಾನು."

ಅವಳ ಬೆರಳುಗಳು ಒಳಗೆ ಕರಗಿದ ಗೋಡೆಯನ್ನು ನಿಧಾನ ತಡವಿದವು. ಕೈ ತೆಗೆದಳು. ಅವನನ್ನು ನೋಡಲಿಲ್ಲ, ಮಗ್ಗನ್ನು ನೋಡಿದಳು.

"ಕುಡೀತಾ ಉಂಟು ಅಂದಿರಿ ಅವತ್ತು," ಎಂದಳು. "ನಾನೇ ಹಿಡ್ಕೊಂಡಿದ್ದೆ."

ಉಂಡೆಯನ್ನು ಅವನಿಗೆ ವಾಪಸು ಕೊಡದೆ ತನ್ನ ಜೇಬಿಗೆ ಹಾಕಿಕೊಂಡು, ಹಲಗೆಯನ್ನು ಬಗಲಿಗೆ ಸೇರಿಸಿ ಹೊರಟಳು. ಎಡಗಾಲು ಎಳೆಯುವ ಸದ್ದು ಬಾಗಿಲವರೆಗೂ ಕೇಳಿತು. ಸ್ಕೂಟರ್ ಸ್ಟಾರ್ಟ್ ಆಯಿತು. ಹೋಗಲಿಲ್ಲ, ಅಲ್ಲೇ ಗುರುಗುಟ್ಟುತ್ತ ನಿಂತಿತು. ಪೊರ್ಬುಗಳಲ್ಲಿಗೆ ಹೋಗುವಷ್ಟು ದೂರ ಹಗ್ಗವನ್ನು ನಂಬುವ ಹಾಗಿಲ್ಲ, ಹಲಗೆಯನ್ನು ಹಿಡಿದು ಕೂರಲು ಹಿಂದೆ ಒಬ್ಬರು ಬೇಕು. ವಾಮನ ನನ್ನನ್ನು ನೆಲದ ಮೇಲೆ ಮಲಗಿಸಿ, ಕೈ ಒರೆಸಿಕೊಂಡು ಹೋದ. ಸ್ಕೂಟರ್ ಹೊರಟ ಸದ್ದು ಕೇಳಿತು.

ಅಂದಿನಿಂದ ನಾನು ಇಲ್ಲೇ, ಟೊಳ್ಳು ಬಾಗಿಲಿನ ಕಡೆಗೆ. ಬಂದ ಬೋಟಿನವರು ಇದೇನೆಂದು ಕೇಳುತ್ತಾರೆ, ವಾಮನ ನಡೆದದ್ದನ್ನು ಹೇಳುತ್ತಾನೆ. ಚಿಕ್ಕ ಅಲೆಗೆಂದು ನನ್ನನ್ನು ಆರಿಸಿದ ಕೈ ತಪ್ಪಿರಲಿಲ್ಲ. ಅದೇ ಕೈ ಆಮೇಲೆ ಯಾರನ್ನೂ ಕೇಳದೆ ರೆಸಿನ್ ಸುರಿಯಿತು.

ಆ ಬೆಳಿಗ್ಗೆ ಅಪ್ಪ, ಮಗಳು ಹೋದ ಮೇಲೆ ಶೆಡ್ಡಿನಲ್ಲಿ ನಾನೂ ಮಗ್ಗೂ ಉಳಿದೆವು. ಬೆರೆಸಿಟ್ಟ ರೆಸಿನ್ ಯಾರಿಗೂ ಕಾಯುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ಬಿಸಿಯೇರಿತು, ತೆಳುವಾಗಿ ಹೊಗೆ ಬಿಟ್ಟಿತು. ಪ್ಲಾಸ್ಟಿಕ್ ಮಗ್ಗು ಒಂದು ಬದಿಗೆ ವಾಲಿತು. ಆಮೇಲೆ ಗಟ್ಟಿಯಾಗಿ, ಟಪ್ ಎಂದು ನಡುವೆ ಸೀಳಿತು.