ಕಟಕಟ ಇಲ್ಲದ ಮಷೀನು

“ಮನ್ಯಾಗ ಕೊರ್ಯಾಕ ನೀವ ಇದ್ದೀರಲ್ರೀ, ಮತ್ತ ಮಷೀನ್ ಯಾಕ?” ಎಂದಳು ಕೀರ್ತಿ.

ಡ್ರಿಲ್ ಕೊಳ್ಳುವ ಮಾತನ್ನು ಅವಳ ಗಂಡ ಸಂಗಮೇಶ ಆಗಷ್ಟೇ ಎತ್ತಿದ್ದ. ಬಾಗಲಕೋಟೆಯಿಂದ ಬಂದು ಯಲಹಂಕದ ಕಾಲೇಜಿನಲ್ಲಿ ಪಾಠ ಹೇಳುವ ಅವನಿಗೆ ಎರಡು ಚಟ: ಕಿವಿಗೆ ಬಿದ್ದ ಸದ್ದನ್ನೆಲ್ಲ ಬಾಯಲ್ಲಿ ಹೊರಡಿಸುವುದು, ಹೊಸ ಹವ್ಯಾಸ ಹಿಡಿಯುವುದು. ಅಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಬಾಡಿಗೆ ಮನೆಯ ಸಜ್ಜಾ ಮೇಲೆ ಕೀಬೋರ್ಡು, ದುರ್ಬೀನು, ಕೇಕಿನ ಒಲೆ ಆಗಲೇ ಧೂಳು ತಿನ್ನುತ್ತಿದ್ದವು. ಈಗ ಮರಗೆಲಸ.

“ಚಪ್ಪಲಿ ಸ್ಟ್ಯಾಂಡ್ ಮಾಡಿ ತೋರಸ್ರಿ,” ಕೀರ್ತಿ ಷರತ್ತು ಹಾಕಿದಳು. “ಸ್ಟ್ಯಾಂಡ್ ನಿಂತ್ರ ಮಷೀನ್ ಇರ್ಲಿ. ನಿಲ್ಲಲಿಲ್ಲಂದ್ರ ನಿಮ್ಮ ಹುಚ್ಚು ನಿಲ್ಲಬೇಕು. ರೊಕ್ಕಾನೂ ಮೂರು ಸಾವಿರದ ಮ್ಯಾಲ ಇಲ್ಲ.”

ಆರ್.ಟಿ. ನಗರದ ಅಂಗಡಿಯಲ್ಲಿ ಮಾಲೀಕ ಮಹೇಂದ್ರ ಮಿರಮಿರ ಮಿಂಚುವ ಪೆಟ್ಟಿಗೆ ಬಿಚ್ಚಿದ. “ಈ ಸೆಟ್ ತಗೊಳ್ಳಿ ಸಾರ್. ನೂರು ಪೀಸ್ ಬರುತ್ತೆ.”

“ಎಷ್ಟು ದಿನಕ್ಕೆ ಪೀಸ್ ಪೀಸ್ ಆಗುತ್ತೆ?”

“ಅಯ್ಯೋ, ಏನ್ ಸಾರ್ ನೀವು!” ಮಹೇಂದ್ರ ನಗುತ್ತ ಡ್ರಿಲ್ಲಿನ ಗುಂಡಿ ಒತ್ತಿದ.

ಪೆಟ್ಟಿಗೆಯ ಹೊಳಪಿಗೆ ಸಂಗಮೇಶನ ಮನಸ್ಸು ಅರ್ಧ ಜಾರಿತ್ತು. ಬಾಯಿ ಮಾತ್ರ ಸುಮ್ಮನಿರದೆ ಡ್ರಿಲ್ಲನ್ನು ಅಣಕಿಸಿತು. ಘುರ್‌ರ್‌ರ್... ನಾಲಿಗೆ ತೊಡರಿತು. ಇನ್ನೊಮ್ಮೆ ಓಡಿಸಲು ಹೇಳಿ ಕಿವಿಗೊಟ್ಟ. ಘುರ್‌ರ್ ಒಳಗೊಂದು ಸಣ್ಣ ಕಟಕಟ! ಬಗ್ಗಿ ನೋಡಿದರೆ ತೂತು ಕೊರೆಯುವ ಬಿಟ್ಟಿನ ತುದಿ ನೇರವಾಗಿ ತಿರುಗದೆ ಅತ್ತಿತ್ತ ಓಲಾಡುತ್ತಿತ್ತು.

“ಇದು ಕುಡಿದು ಬಂದಿದೆ ಕಣ್ರೀ. ತೂತು ಹಾಕೋ ಮೊದಲೇ ತೂರಾಡ್ತಿದೆ.”

ಮಹೇಂದ್ರ ತಲೆ ಕೆರೆದುಕೊಂಡು, ಹಿಂದಿನ ಕಪಾಟಿನಿಂದ ಪೆಟ್ಟಿಗೆಯೂ ಇಲ್ಲದ ಬಡಪಾಯಿ ಡ್ರಿಲ್ಲೊಂದನ್ನು ತೆಗೆದ. “ಹಾಗಾದ್ರೆ ಇದು. ಬ್ಯಾಟರಿ ಇಲ್ಲ, ವೈರ್ ಸಾರ್. ಅದೇ ದುಡ್ಡಿಗೆ ಜೋರು ಜಾಸ್ತಿ. ಮೆಲ್ಲಗೆ ಒತ್ತಿದ್ರೆ ಸ್ಕ್ರೂನೂ ತಿರುಗಿಸುತ್ತೆ. ರಿಪೇರಿಗೆ ಯಶವಂತಪುರದಲ್ಲೇ ಸರ್ವೀಸ್ ಸೆಂಟರ್ ಇದೆ.”

“ಹಲಗೆ ಕುಯ್ಯೋಕೆ?”

“ಪ್ಲೈವುಡ್ ಅಂಗಡಿಯವರೇ ಅಳತೆಗೆ ಕುಯ್ದು ಕೊಡ್ತಾರೆ. ಈಗಲೇ ಎಲ್ಲಾ ಮಷೀನು ಯಾಕ್ ಸಾರ್?”

ಈ ಡ್ರಿಲ್ಲಿನ ದನಿ ಒಂದೇ ಎಳೆ. ಸಂಗಮೇಶ ಅದನ್ನು ಎಷ್ಟು ಸೊಗಸಾಗಿ ಹಿಡಿದನೆಂದರೆ, ಮಹೇಂದ್ರ ಗುಂಡಿ ಬಿಟ್ಟ ಮೇಲೂ ಮಷೀನು ನಿಲ್ಲುತ್ತಿಲ್ಲವೆಂದು ಗಾಬರಿಯಾಗಿ ವೈರನ್ನೇ ಕಿತ್ತ.

ಭಾನುವಾರ ತಾರಸಿಯ ಮೇಲೆ ಸ್ಟ್ಯಾಂಡು ಎದ್ದಿತು. ಕೀರ್ತಿ ಬೆರಳಲ್ಲಿ ತಳ್ಳಿದಳು. ಕಟಕಟ.

“ಸಜ್ಜಾ ಮ್ಯಾಲ ಜಾಗ ಮಾಡ್ಲೇನ್ರಿ?”

“ತಡಿ, ತಡಿ,” ಎಂದ ಸಂಗಮೇಶ. ಮಂಡಿಯೂರಿ, ಸ್ಟ್ಯಾಂಡಿಗೆ ಕಿವಿಯಿಟ್ಟು ಕಟಕಟದ ಜಾಡು ಹಿಡಿದ. ಎಡಗಾಲು! ಒಂದು ಸ್ಕ್ರೂ ಪೂರ್ತಿ ಕಚ್ಚಿರಲಿಲ್ಲ. ಡ್ರಿಲ್ ಒತ್ತಿದ.

“ಏನಪ್ಪಾ ಇದು, ಅಲ್ಲು ಕೀಳೋ ಸದ್ದು!” ಎನ್ನುತ್ತ ಮನೆ ಓನರ್ ಮುನಿಯಲ್ಲಮ್ಮ ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತ, ಯಾರನ್ನೂ ಕೇಳದೆ ಸ್ಟ್ಯಾಂಡಿನ ಮೇಲೇ ಕುಳಿತರು. ಗಂಡ ಹೆಂಡತಿ ಇಬ್ಬರೂ ಕಿವಿ ನಿಮಿರಿಸಿದರು.

ಕಟ್ ಎನ್ನಲಿಲ್ಲ.

“ಚೆನ್ನಾಗೈತೆ ಕಣಪ್ಪ. ನಂಗೂ ಇಂಗೇ ಒಂದು ಮಾಡ್ಕೊಡು.”

ಸ್ಟ್ಯಾಂಡೇನೋ ನಿಂತಿತು. ಹುಚ್ಚು ನಿಲ್ಲಲಿಲ್ಲ, ಮನೆ ತುಂಬ ಹಬ್ಬಿತು: “ಅಮ್ಮಾರದು ನಾ ಮಾಡ್ತೀನಿ, ಕೊಡ್ರಿ ಇಲ್ಲೆ,” ಎಂದು ಕೀರ್ತಿ ಅವನ ಕೈಯಿಂದ ಡ್ರಿಲ್ ಕಸಿದುಕೊಂಡಳು.

ಅವಳು ಗುಂಡಿ ಒತ್ತುವ ಮೊದಲೇ ಘುರ್‌ರ್ ಎಂದಿತು.

“ರೀ, ನೀವು ಆಫ್ ಆಗ್ರಿ!”