ಓದು ಬಾರದವರ ಚಾರ್ಟು

“ಇರಲಾ, ಹೋಗಲಾ?” ಎಂದು ಅವಳು ಮತ್ತೆ ಕೇಳಿದಾಗ ಅವನು ಅಂಗಿಯ ಕೊನೆಯ ಗುಂಡಿ ಹಾಕುತ್ತಿದ್ದ. ಹಾಕಿ ಮುಗಿದ ಮೇಲೂ ಅದನ್ನೇ ಹಿಡಿದುಕೊಂಡು ನಿಂತ.

“ನಿನ್ನಿಷ್ಟ,” ಅಂದ.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗಾಜು ಬದಲಾಯಿಸುತ್ತ, ಇದು ಸ್ಪಷ್ಟವಾ ಅದು ಸ್ಪಷ್ಟವಾ ಎಂದು ದಿನವಿಡೀ ಕೇಳುವುದು ಅವಳ ಕಸುಬು. ಎಂಥ ಮೊದ್ದು ಗಿರಾಕಿಯೂ ಎರಡರಲ್ಲೊಂದು ಹೇಳುತ್ತಾನೆ. ಅಂಗಡಿಯವರು ದೂರದ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು. ನೀನೇ ಹೋಗಿ ನೋಡಿಕೊಳ್ಳುತ್ತೀಯಾ ಎಂದು ಕೇಳಿದ್ದರು. ಇವತ್ತು ಸಂಜೆ ಅಂಗಡಿ ಮುಚ್ಚುವುದರೊಳಗೆ ಅವಳು ಉತ್ತರ ಕೊಡಬೇಕಿತ್ತು. ಹೋದರೆ ಮರಳಿ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ.

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ಮೌನಂ ಸಮ್ಮತಿ ಲಕ್ಷಣಂ ಅಂತಾರೆ. ಹೋಗು ಅಂತಲೇ ತಿಳ್ಕೊಳ್ಳಲಾ?”

“ನಾನು ಹಾಗೆ ಹೇಳಲಿಲ್ಲ.”

“ಹೇಳಲಿಲ್ಲ. ಅದೇ ನಾನೂ ಅಂತಿರೋದು.”

ಅವನು ಚೀಲ ತೆಗೆದುಕೊಂಡು ಹೊರಟ. ಬಾಗಿಲ ಹಿಂದೆ ಅಂಗಡಿಯವರು ಬಿಸಾಡಿದ, ಕಣ್ಣು ಪರೀಕ್ಷೆಯ ಹಳೆಯ ಚಾರ್ಟು ನೇತಾಡುತ್ತಿತ್ತು. ಓದು ಬಾರದವರ ಚಾರ್ಟು ಅದು. ಅಕ್ಷರಗಳ ಬದಲು ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಒಂದು ಪಕ್ಕಕ್ಕೆ. ಹಲ್ಲು ಯಾವ ಕಡೆಗಿದೆ ಎಂದು ಮೂರು ಬೆರಳು ಚಾಚಿ ತೋರಿಸಿದರೆ ಸಾಕು. ಮದುವೆಯಾದ ಹೊಸದರಲ್ಲಿ ಅವಳು ತಮಾಷೆಗೆ ಅವನನ್ನು ಅದರ ಮುಂದೆ ನಿಲ್ಲಿಸಲು ನೋಡಿದ್ದಳು. ನನಗೆ ಓದು ಬರುತ್ತಮ್ಮ ಎಂದು ಅವನು ತಪ್ಪಿಸಿಕೊಂಡಿದ್ದ.

ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವ ಅವನಿಗೆ ಜಪಾನ್ ಮೇಷ್ಟ್ರು ಎಂದು ಹೆಸರು. ಜಪಾನನ್ನು ಕಂಡವನಲ್ಲ, ಆ ಭಾಷೆಯ ಒಂದಕ್ಷರವೂ ತಿಳಿಯದು. ಓದುವ ವಯಸ್ಸಿನಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಂದು ಜಪಾನೀ ಕಾದಂಬರಿಯ ಇಂಗ್ಲಿಷ್ ಅನುವಾದ ಸಿಕ್ಕಿತ್ತು. ಅಲ್ಲಿಂದ ಹಿಂದಕ್ಕೆ ಹೋಗಿ ಸಾವಿರ ವರ್ಷದ ಹಿಂದಿನ ಅರಮನೆಯ ಹೆಂಗಸರ ಬರಹ ಓದಿದ, ಊರೂರು ಅಲೆದ ಕವಿಗಳ ಚುಟುಕು ಪದ್ಯ ಓದಿದ, ಮುಂದಕ್ಕೆ ಬಂದು ಯುದ್ಧ ಕಳೆದ ಮೇಲಿನ ಕಾದಂಬರಿಗಳನ್ನೂ ಮುಗಿಸಿದ. ಎಲ್ಲವೂ ಇಂಗ್ಲಿಷಿನಲ್ಲೇ. ಬಾಯಿಬಡುಕರ ಮನೆಯಲ್ಲಿ ಬೆಳೆದವನಿಗೆ ಮಾತಿಲ್ಲದೆ ಪ್ರೀತಿಸುವ ಆ ಜನ ನೆಂಟರಂತೆ ಕಂಡರು. ಕ್ರಮೇಣ ಅವನೂ ಮಾತು ಬಿಟ್ಟ. ಅದನ್ನು ಸಂಸ್ಕಾರ ಎಂದುಕೊಂಡ.

ಇವತ್ತಿನ ಪಾಠವೂ ಆ ಮೊದಲ ಕಾದಂಬರಿಯದೇ. ಸೇತುವೆ ಕಟ್ಟುವ ಎಂಜಿನಿಯರನ ಹೆಂಡತಿ ಮನೆ ಬಿಡಲು ಬಟ್ಟೆ ಮಡಿಸುತ್ತಿದ್ದಾಳೆ. ಗಂಡ ನೋಡುತ್ತ ನಿಂತಿದ್ದಾನೆ. ಏನೂ ಹೇಳುವುದಿಲ್ಲ. ಕಿಟಕಿಯ ಹೊರಗೆ ಕತ್ತಲಾಗುತ್ತದೆ. ಅಧ್ಯಾಯ ಮುಗಿಯಿತು.

ಈ ಕಾದಂಬರಿಗೆ ಇನ್ನೊಂದು ಅನುವಾದವೂ ಇತ್ತು. ಅದರಲ್ಲಿ ಅದೇ ಜಾಗದಲ್ಲಿ ಗಂಡ “ಹೋಗಬೇಡ” ಅನ್ನುತ್ತಾನೆ. ಹೆಂಡತಿಗೂ ಒಮ್ಮೆ ಎರಡನ್ನೂ ಓದಿ ತೋರಿಸಿದ್ದ. ಪ್ರತಿವರ್ಷ ತರಗತಿಯಲ್ಲಿ ಪಕ್ಕಪಕ್ಕ ಇಟ್ಟು ಓದುತ್ತಿದ್ದ. ಮೌನ ತಡೆಯಲಾರದ ಅನುವಾದಕ ತನ್ನ ಕೈಯಿಂದ ಒಗ್ಗರಣೆ ಹಾಕಿದ್ದಾನೆ, ನೋಡಿ, ಎನ್ನುತ್ತಿದ್ದ. ಆಗ ತರಗತಿ ನಗುತ್ತಿತ್ತು. ಇವತ್ತೂ ನಕ್ಕಿತು. ಕಿಟಕಿ ಪಕ್ಕದಲ್ಲಿ ಕೂತ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ.

“ಸರ್, ಅವನ ಮನಸ್ಸಲ್ಲಿರೋದು ಹೇಗೆ ಗೊತ್ತಾಗುತ್ತೆ?”

“ಓದುಗನಿಗೆ ಗೊತ್ತಾಗುತ್ತೆ.”

“ನಮಗೆ ಗೊತ್ತಾಗುತ್ತೆ ಸರ್. ಅವಳಿಗೆ?”

ಅವಳು ಅಲ್ಲಿಗೇ ಬಿಡಲಿಲ್ಲ. ಹೋದ ತಿಂಗಳು ನೀವೇ ಹೇಳಿದ್ದಿರಿ ಸರ್, ಅರಮನೆಯ ಕಾಲದಲ್ಲಿ ಪದ್ಯ ಕಳಿಸಿದರೆ ತಂದವನು ಬಾಗಿಲಲ್ಲೇ ಕಾಯುತ್ತಿದ್ದ, ಉತ್ತರ ತಡವಾದರೆ ಅವಮಾನ ಅಂತ, ಎಂದು ನೆನಪಿಸಿದಳು. ಅವನು ಅದು ಬೇರೆ ಕಾಲ ಅಂದ. ಸೀಮೆಸುಣ್ಣ ತುಂಡಾಯಿತು. ತುಂಡು ಹುಡುಕಲು ಬಗ್ಗಿದವನು ಬೇಕೆಂದೇ ತುಸು ಹೊತ್ತು ಮೇಜಿನ ಕೆಳಗೇ ಇದ್ದ. ಎದ್ದಾಗ ಗಂಟೆ ಹೊಡೆದಿತ್ತು.

ಅಧ್ಯಾಪಕರ ಕೋಣೆಯಲ್ಲಿ ಫೋನು ಕೈಗೆತ್ತಿಕೊಂಡ. ಅವಳು ಹೋಗುವುದು ಅವನಿಗೆ ಬೇಕಿರಲಿಲ್ಲ. ಆದರೆ “ಹೋಗಬೇಡ” ಎಂದು ಮನಸ್ಸಿನಲ್ಲೇ ಅಂದುಕೊಂಡಾಗ ಅದು ಆ ಎರಡನೆಯ ಅನುವಾದದ ಸಾಲಿನಂತೆ, ಅಗ್ಗದ ಮಾತಿನಂತೆ ಕೇಳಿಸಿತು. ನಕ್ಕ ತರಗತಿ ಕಿವಿಯಲ್ಲಿತ್ತು. ಪಕ್ಕದ ಲೆಕ್ಕದ ಮೇಷ್ಟ್ರು, ಏನು ಮನೆಗಾ, ಎಂದು ಕೇಳಿದರು. ಅಲ್ಲ, ಟೈಮು ನೋಡಿದೆ ಎಂದು ಫೋನನ್ನು ಜೇಬಿಗೆ ಹಾಕಿದ. ಲೆಕ್ಕದ ಮೇಷ್ಟ್ರು ಗೋಡೆ ಗಡಿಯಾರವನ್ನೊಮ್ಮೆ ನೋಡಿದರು.

ಮಧ್ಯಾಹ್ನ ಮನೆಗೆ ಬಂದಾಗ ಅವಳು ಚಪ್ಪಲಿ ಮೆಟ್ಟಿ ಕುರ್ಚಿಯಲ್ಲಿ ಕೂತಿದ್ದಳು. ಅಂಗಡಿಯಿಂದ ಊಟಕ್ಕೆ ಬಂದವಳು ಮತ್ತೆ ಹೊರಟಿದ್ದಳು. ತೊಡೆಯ ಮೇಲೆ ಕಾಗದ ಸುತ್ತಿದ ಪುಸ್ತಕವೊಂದಿತ್ತು.

“ನಿಮಗೇ,” ಎಂದು ಕೊಟ್ಟಳು. ಬಿಚ್ಚಿದರೆ ಬರೀ ಜಪಾನೀ ಅಕ್ಷರ.

ಅಂಗಡಿಗೆ ಒಬ್ಬ ಜಪಾನೀ ಅಜ್ಜಿ ಬರುತ್ತಾರಂತೆ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳ ಜೊತೆ ಇರುವವರು. ಓದುವ ಕನ್ನಡಕ ಬೇಕಿತ್ತು; ಹತ್ತಿರದ ನೋಟ ಪರೀಕ್ಷಿಸಲು ಅಂಗಡಿಯಲ್ಲಿ ಅವರ ಭಾಷೆಯ ಕಾರ್ಡು ಇರಲಿಲ್ಲ. ಮನೆಯಿಂದಲೇ ಏನಾದರೂ ಪುಸ್ತಕ ತನ್ನಿ ಅಂದ ಇವಳು, ಗಂಡ ಪಾಠ ಮಾಡುವ ಕಾದಂಬರಿಯ ಹೆಸರು ಹೇಳಿ ಅದು ನಿಮ್ಮಲ್ಲಿದೆಯಾ ಎಂದೂ ಕೇಳಿದ್ದಳು. ಇತ್ತು. ಬಟ್ಟೆ ಮಡಿಸುವ ಪುಟವನ್ನೇ ಹುಡುಕಿಸಿ ಅಜ್ಜಿಯ ಬಾಯಲ್ಲಿ ಓದಿಸಿದ್ದಳು; ಮಗಳು ಬಿಡಿಸಿ ಹೇಳಿದ್ದಳು. ಕನ್ನಡಕ ಸರಿಹೋದ ಖುಷಿಗೆ ಅಜ್ಜಿ ಪುಸ್ತಕವನ್ನೇ ಕೊಟ್ಟುಬಿಟ್ಟರಂತೆ.

ಇಷ್ಟನ್ನೂ ಅವಳು ಗಿರಾಕಿಗೆ ಹೇಳುವ ಹಾಗೆ ಹೇಳಿದಳು. ಆಮೇಲೆ ಎದ್ದು ನಿಂತಳು.

“ಅವನು ಹೇಳ್ತಾನಂತೆ.”

“ಯಾರು?”

“ನಿಮ್ಮ ಎಂಜಿನಿಯರ್. ಹೋಗಬೇಡ ಅಂತ ಬಾಯಿ ಬಿಟ್ಟು ಹೇಳ್ತಾನಂತೆ. ನಿಮಗೆ ಇಷ್ಟ ಆಗಿರೋ ಅನುವಾದ ಮಾಡಿದವನು ಆ ಮಾತು ಬಿಟ್ಟುಬಿಟ್ಟಿದ್ದಾನೆ, ಅಷ್ಟೇ.”

ಹೆಂಡತಿಯ ಮುಖ ಒಂದು ಮೊಳ ದೂರದಲ್ಲಿತ್ತು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಈ ಪುಟ ಹುಡುಕಿಸಲು ಅವಳು ಎಷ್ಟು ದಿನದಿಂದ ಕಾದಿರಬೇಕು ಎಂದು ಹೊಳೆಯಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂತು. ಬಂದು, ಬೇರೆಯದೇ ಆಗಿ ಹೊರಬಿತ್ತು.

“ಯಾವ ಪುಟದಲ್ಲಿ?”

ಅವಳಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ.

“ಪೆನ್ಸಿಲ್ ಗೆರೆ ಹಾಕ್ಸಿದ್ದೀನಿ,” ಎಂದು ಚೀಲ ಹೆಗಲಿಗೇರಿಸಿದಳು. “ಅಂಗಡಿ ಮುಚ್ಚೋವರೆಗೂ ಅಲ್ಲೇ ಇರ್ತೀನಿ.”

ಬಾಗಿಲು ಹಾಕಿಕೊಂಡಿತು. ಚಾರ್ಟು ಅದಕ್ಕೆ ಎರಡು ಸಲ ಬಡಿದು ನಿಂತಿತು.

ಅವನು ಪುಸ್ತಕ ತೆರೆದ. ಖಾಲಿ ಹಾಳೆ, ಆಮೇಲೆ ಮುದ್ರಕರದ್ದೇನೋ ಪುಟ, ಆಮೇಲೆ ಅರ್ಧಕ್ಕೆ ನಿಂತ ಸಾಲುಗಳು. ಕೊನೆಯಿಂದ ತೆರೆದಿದ್ದೇನೆ ಎಂದು ತಿಳಿಯಲು ಹೊತ್ತು ಹಿಡಿಯಿತು. ಅವರ ಪುಸ್ತಕ ಬಲದಿಂದ ಶುರುವಾಗುತ್ತದೆ ಎಂದು ಪ್ರತಿವರ್ಷ ಮೊದಲ ದಿನವೇ ಪಾಠ ಹೇಳುವವನು ಅವನು.

ಗೆರೆ ಸಿಕ್ಕಿತು. ಮೇಲಿಂದ ಕೆಳಗೆ ಇಳಿಯುವ ಸಾಲಿನ ಪಕ್ಕದಲ್ಲಿ ತೆಳ್ಳಗೆ. ಇದರಲ್ಲಿ ಯಾವುದು ಹೋಗು, ಯಾವುದು ಬೇಡ? ಅವನು ಬೆರಳಿಟ್ಟು ನೋಡಿದ. ಎರಡೂ ಅನುವಾದಗಳನ್ನು ತಂದು ಪಕ್ಕದಲ್ಲಿ ಹರಡಿದ. ಒಂದು ಸುಮ್ಮನಿತ್ತು. ಇನ್ನೊಂದರಲ್ಲಿ ಮಾತಿತ್ತು, ಅದರ ಮೇಲೆ ಅವನೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದ.

ಫೋನು ಮೇಜಿನ ಮೇಲಿತ್ತು. ಬೀದಿಯ ಅಂಗಡಿಗಳಿಗೆ ದೀಪ ಬಂದವು. ಅವಳ ಅಂಗಡಿ ಮುಚ್ಚಲು ಇನ್ನೂ ಸಮಯವಿತ್ತು. ಇದೊಂದು ಸಾಲು ತಿಳಿದರೆ ಫೋನು ಮಾಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ. ನಂಬಿದನೋ ಇಲ್ಲವೋ, ಅವನಿಗೇ ಗೊತ್ತಿಲ್ಲ.

ಕಣ್ಣು ಮಂಜಾಗುತ್ತಿತ್ತು. ಪುಸ್ತಕವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಹಿಂದೆ ಹಿಂದೆ ಸರಿದ. ಬೆನ್ನಿಗೆ ಬಾಗಿಲು ತಗುಲಿತು, ಚಾರ್ಟು ಮುದುಡಿತು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದ. ಗೆರೆಯ ಪಕ್ಕದ ಮೊದಲ ಅಕ್ಷರ ಅಷ್ಟು ದೂರಕ್ಕೆ ಚುಕ್ಕಿಯಷ್ಟೇ ಆಗಿದ್ದರೂ, ಅದರ ಬಾಯಿ ಕೆಳಗೆ ತೆರೆದ ಹಾಗೆ ಅನಿಸಿತು. ಬಲಗೈ ತಾನಾಗಿ ಮೇಲೆದ್ದು ಮೂರು ಬೆರಳು ಚಾಚಿ ಕೆಳಗೆ ಎಂದು ತೋರಿಸಿತು. ಸರಿ ಅನ್ನುವವರು ಎದುರಿಗೆ ಯಾರೂ ಇರಲಿಲ್ಲ. ಅವನು ಕೈ ಇಳಿಸದೆ ಮುಂದಿನ ಅಕ್ಷರ ನೋಡಿದ.